ಎಸ್‌ಎಸ್‌ಡಿಯಲ್ಲಿ ಸಿ ಡ್ರೈವ್ ಚಿಕ್ಕದಿದ್ದರೆ ಕಂಪ್ಯೂಟರ್ ಫಾಸ್ಟ್ ಆಗುತ್ತದಾ?

ಪ್ರಶ್ನೆ: ಸರ್, ನಾನು ಹಾಸನ ಜಿಲ್ಲೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮದುವೆ ಆಲ್ಬಂ, ವಿಡಿಯೋ ಎಡಿಟಿಂಗ್ ಕೆಲಸ. ಹೋದ ವರ್ಷ ಹಳೆ ಹಾರ್ಡ್ ಡಿಸ್ಕ್ ತೆಗೆಸಿ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿದೆ. ಅಂಗಡಿಯವರು ಸಿ ಡ್ರೈವ್‌ಗೆ 120 ಜಿಬಿ, ಡಿ, ಇ, ಎಫ್‌ಗೆ ತಲಾ 270 ಜಿಬಿ ಮಾಡಿಕೊಟ್ಟರು. "ಸಿ ಚಿಕ್ಕದಿದ್ದಷ್ಟೂ ವಿಂಡೋಸ್ ಫಾಸ್ಟ್" ಅಂದರು. ಮೊದಮೊದಲು ಚೆನ್ನಾಗಿತ್ತು. ಈಗ ಸಿ ಕೆಂಪಾಗಿದೆ, 9 ಜಿಬಿ ಮಾತ್ರ ಉಳಿದಿದೆ. ಫೋಟೋಶಾಪ್ ಸ್ಕ್ರ್ಯಾಚ್ ಡಿಸ್ಕನ್ನು ಎಫ್‌ಗೆ ಹಾಕಿ ನೋಡಿದೆ, ಸ್ಪೀಡ್‌ನಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ವಿಡಿಯೋದವರು ಎಕ್ಸ್‌ಟರ್ನಲ್ ಎಸ್‌ಎಸ್‌ಡಿಯಲ್ಲಿ ಫೂಟೇಜ್ ತಂದುಕೊಡುತ್ತಾರೆ. ಅದನ್ನು ಇ ಡ್ರೈವ್‌ಗೆ ಕಾಪಿ ಹಾಕಿದರೆ ಮೊದಲು 900 ಎಂಬಿ ಸ್ಪೀಡ್ ತೋರಿಸಿ, ಸ್ವಲ್ಪ ಹೊತ್ತಿಗೆ 100ಕ್ಕೆ ಇಳಿಯುತ್ತದೆ. ಇ ಡ್ರೈವ್ ಡಿಸ್ಕಿನ ಕೊನೆ ಕಡೆ ಇರುವುದಕ್ಕೆ ಹೀಗಾ? ಒಳ್ಳೆ ಸ್ಪೀಡ್ ಸಿಗಬೇಕಾದರೆ ಪಾರ್ಟಿಷನ್ ಹೇಗೆ ಮಾಡಬೇಕು?

ಉತ್ತರ: ನೇರ ಉತ್ತರ ಮೊದಲು ಕೊಟ್ಟುಬಿಡುತ್ತೇನೆ. ಎಸ್‌ಎಸ್‌ಡಿಯಲ್ಲಿ ಮುಂದಿನ ಜಾಗ, ಹಿಂದಿನ ಜಾಗ ಅಂತ ಯಾವುದೂ ಇಲ್ಲ. ನಿಮ್ಮ ಸಿ, ಡಿ, ಇ, ಎಫ್ ನಾಲ್ಕೂ ಒಂದೇ ವೇಗದವು. ಪಾರ್ಟಿಷನ್ ಮಾಡಿ ಎಸ್‌ಎಸ್‌ಡಿಯ ಸ್ಪೀಡ್ ಹೆಚ್ಚಿಸಲು ಆಗುವುದಿಲ್ಲ. ಆದರೆ ತಪ್ಪಾಗಿ ಪಾರ್ಟಿಷನ್ ಮಾಡಿದರೆ ಇರುವ ಸ್ಪೀಡನ್ನೂ ಕಳೆದುಕೊಳ್ಳಬಹುದು. ನಿಮ್ಮ ಮಷೀನ್‌ನಲ್ಲಿ ಸ್ವಲ್ಪ ಅದೇ ಆಗಿದೆ.

ಅಂಗಡಿಯವರನ್ನು ಬೈಯಬೇಡಿ. ಅವರು ಹೇಳಿದ ಮಾತು ಹಾರ್ಡ್ ಡಿಸ್ಕ್ ಕಾಲದಲ್ಲಿ ನಿಜವೇ ಆಗಿತ್ತು. ಅದು ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ಈಗ ಯಾಕೆ ಬೇಡ ಅನ್ನುವುದೂ ಅರ್ಥವಾಗುತ್ತದೆ.

ಡಿಸ್ಕನ್ನು ನಾಲ್ಕು ಭಾಗ ಮಾಡುವ ಅಭ್ಯಾಸ ಬಹಳ ಹಳೆಯದು. ವಿಂಡೋಸ್ 95 ಮೊದಲು ಬಂದಾಗ ಅದರಲ್ಲಿದ್ದ ಫ್ಯಾಟ್16 ವ್ಯವಸ್ಥೆಯಲ್ಲಿ ಒಂದು ಪಾರ್ಟಿಷನ್ 2 ಜಿಬಿಗಿಂತ ದೊಡ್ಡದಿರಲು ಆಗುತ್ತಿರಲಿಲ್ಲ. 6 ಜಿಬಿ ಡಿಸ್ಕ್ ತಂದರೆ ಸಿ, ಡಿ, ಇ ಮಾಡಲೇಬೇಕಿತ್ತು. 1996ರಲ್ಲಿ ಫ್ಯಾಟ್32 ಬಂದ ಮೇಲೆ ಆ ಬಲವಂತ ಹೋಯಿತು, ಕೈಗೆ ಹತ್ತಿದ ರೂಢಿ ಮಾತ್ರ ಉಳಿಯಿತು. ಜೊತೆಗೆ ವಿಂಡೋಸ್ ಆಗಾಗ ಕೆಡುತ್ತಿತ್ತು. ಸಿ ಮಾತ್ರ ಫಾರ್ಮ್ಯಾಟ್ ಮಾಡಿ, ಡಿಯಲ್ಲಿದ್ದ ಫೈಲ್ ಉಳಿಸಿಕೊಳ್ಳಬಹುದು ಅನ್ನುವ ಅನುಕೂಲವೂ ಇತ್ತು.

ಸ್ಪೀಡಿನ ಲೆಕ್ಕವೂ ಇತ್ತು. ಹಾರ್ಡ್ ಡಿಸ್ಕ್ ಒಳಗೆ ತಿರುಗುವ ತಟ್ಟೆ ಇದೆ. ನಿಮಿಷಕ್ಕೆ 7200 ಸುತ್ತು. ತಟ್ಟೆಯ ಹೊರ ಅಂಚಿನಲ್ಲಿ ಸುತ್ತಳತೆ ಜಾಸ್ತಿ, ಹಾಗಾಗಿ ಒಂದು ಸುತ್ತಿಗೆ ಜಾಸ್ತಿ ಡೇಟಾ ಓದಬಹುದು. ಒಳಗೆ ಹೋದಂತೆ ವೇಗ ಇಳಿದು ಕೊನೆಗೆ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಮೊದಲ ಪಾರ್ಟಿಷನ್ ಹೊರ ಅಂಚಿನಿಂದ ಶುರುವಾಗುತ್ತಿತ್ತು. ಅದು ಚಿಕ್ಕದಿದ್ದರೆ ಓದುವ ಹೆಡ್ ದೂರ ಓಡಾಡಬೇಕಿಲ್ಲ. ತಟ್ಟೆ ಒಂದು ಸುತ್ತು ಹಾಕಲು 8.3 ಮಿಲಿಸೆಕೆಂಡ್ ಬೇಕು, ಹೆಡ್ ಜಾಗ ಬದಲಿಸಲು ಇನ್ನೊಂದಷ್ಟು. ಸಾವಿರಾರು ಸಣ್ಣ ಫೈಲ್ ಓದುವಾಗ ಈ ಓಡಾಟ ಉಳಿದರೆ ದೊಡ್ಡ ಲಾಭ. ಹಾಗಾಗಿ ಸಿ ಮುಂದೆ ಇರಲಿ, ಚಿಕ್ಕದಾಗಿರಲಿ ಅಂದರು. ಸರಿಯಾದ ಸಲಹೆಯೇ.

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ. ಇರುವುದು ಫ್ಲ್ಯಾಶ್ ಚಿಪ್‌ಗಳು ಮತ್ತು ಅವನ್ನು ನೋಡಿಕೊಳ್ಳುವ ಕಂಟ್ರೋಲರ್ ಅನ್ನುವ ಒಂದು ಚಿಪ್. ಯಾವ ಮೂಲೆಯಿಂದ ಓದಿದರೂ ಬೇಕಾಗುವ ಸಮಯ ಹೆಚ್ಚುಕಡಿಮೆ ಒಂದೇ, ಸುಮಾರು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ, ಅಥವಾ ಇನ್ನೂ ಕಡಿಮೆ.

ಇಲ್ಲಿ ಒಂದು ವಿಷಯ ಫೋಟೋಗ್ರಾಫರ್ ಆದ ನಿಮಗೆ ಇಷ್ಟವಾಗಬಹುದು. ಈ ಚಿಪ್‌ಗೆ 'ಫ್ಲ್ಯಾಶ್' ಅಂತ ಹೆಸರು ಬಂದದ್ದೇ ಕ್ಯಾಮೆರಾ ಫ್ಲ್ಯಾಶಿನಿಂದ. 1980ರ ದಶಕದಲ್ಲಿ ಜಪಾನಿನ ತೋಶಿಬಾ ಕಂಪನಿಯಲ್ಲಿ ಫುಜಿಯೊ ಮಸುವೊಕ ಅನ್ನುವ ಎಂಜಿನಿಯರ್ ಇದನ್ನು ಕಂಡುಹಿಡಿದರು. ಬರೆದದ್ದನ್ನೆಲ್ಲ ಒಂದೇ ಸಲಕ್ಕೆ ಅಳಿಸುವ ರೀತಿ ನೋಡಿ, ಇದು ಕ್ಯಾಮೆರಾ ಫ್ಲ್ಯಾಶ್ ಹೊಡೆದ ಹಾಗಿದೆ ಅಂತ ಅವರ ಸಹೋದ್ಯೋಗಿಯೊಬ್ಬರು ಈ ಹೆಸರು ಸೂಚಿಸಿದರು. ಎಸ್‌ಎಸ್‌ಡಿಯ ಗುಣವೆಲ್ಲ ಈ ಅಳಿಸುವ ರೀತಿಯಲ್ಲೇ ಇದೆ.

ಫ್ಲ್ಯಾಶ್ ಚಿಪ್‌ನಲ್ಲಿ ಬರೆಯುವುದು ಪೇಜ್ ಲೆಕ್ಕದಲ್ಲಿ. ಒಂದು ಪೇಜ್ ಈಗಿನ ಚಿಪ್‌ಗಳಲ್ಲಿ ಸಾಮಾನ್ಯವಾಗಿ 16 ಕೆಬಿ. ಆದರೆ ಅಳಿಸುವುದು ಬ್ಲಾಕ್ ಲೆಕ್ಕದಲ್ಲಿ. ಒಂದು ಬ್ಲಾಕ್‌ನಲ್ಲಿ ನೂರಾರು, ಕೆಲವದರಲ್ಲಿ ಸಾವಿರಾರು ಪೇಜ್ ಇರುತ್ತವೆ, ಅಂದರೆ ಹಲವು ಎಂಬಿ. ಬರೆದ ಪೇಜ್ ಮೇಲೆ ಮತ್ತೆ ಬರೆಯಲು ಆಗುವುದಿಲ್ಲ. ಮೊದಲು ಇಡೀ ಬ್ಲಾಕ್ ಅಳಿಸಬೇಕು. ನೀವು ಒಂದು ಪಿಎಸ್‌ಡಿ ಫೈಲ್ ತೆರೆದು ಸ್ವಲ್ಪ ತಿದ್ದಿ ಸೇವ್ ಮಾಡಿದರೆ, ಕಂಟ್ರೋಲರ್ ಹಳೆ ಜಾಗ ಮುಟ್ಟುವುದೇ ಇಲ್ಲ. ಬೇರೆ ಕಡೆ ಖಾಲಿ ಪೇಜ್ ಹುಡುಕಿ ಅಲ್ಲಿ ಬರೆಯುತ್ತದೆ, ಹಳೆಯದು ಕಸ ಅಂತ ಗುರುತು ಹಾಕಿಕೊಳ್ಳುತ್ತದೆ, ಯಾವುದು ಎಲ್ಲಿದೆ ಅನ್ನುವ ಪಟ್ಟಿಯನ್ನು ತಿದ್ದುತ್ತದೆ.

ನಿಮ್ಮ ಕಡೆ ಎಪಿಎಂಸಿ ಯಾರ್ಡಿನಲ್ಲಿ ಆಲೂಗಡ್ಡೆ ಗೋಡೌನ್ ನೋಡಿರುತ್ತೀರಿ. ಅಲ್ಲಿ ಒಬ್ಬ ರೈಟರ್ ಇದ್ದಾನೆ ಅಂದುಕೊಳ್ಳಿ. ಮಾಲೀಕರು "120ನೇ ನಂಬರ್ ಮೂಟೆ ತಾ" ಅನ್ನುತ್ತಾರೆ. ರೈಟರ್ ತನ್ನ ಪುಸ್ತಕ ನೋಡಿ ಎಲ್ಲಿಂದಲೋ ತಂದುಕೊಡುತ್ತಾನೆ. ಆ ಮೂಟೆ ನೆನ್ನೆ ಬಾಗಿಲ ಹತ್ತಿರ ಇತ್ತು, ಇವತ್ತು ಹಿಂದಿನ ಸಾಲಿನಲ್ಲಿದೆ. ಮಾಲೀಕರಿಗೆ ಅದು ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ಪಾರ್ಟಿಷನ್ ಅನ್ನುವುದು ಮಾಲೀಕರ ಪುಸ್ತಕದಲ್ಲಿ ಎಳೆದ ಗೆರೆ. 1ರಿಂದ 120ರವರೆಗೆ ಸಿ, ಅಲ್ಲಿಂದ ಮುಂದೆ ಡಿ ಅಂತ. ಗೋಡೌನಿನ ಒಳಗೆ ಯಾವ ಗೋಡೆಯೂ ಎದ್ದಿಲ್ಲ. ಸಿ ಡ್ರೈವಿನ ಮೂಟೆ, ಎಫ್ ಡ್ರೈವಿನ ಮೂಟೆ ಅಕ್ಕಪಕ್ಕದಲ್ಲೇ ಇರಬಹುದು.

ಹಾಗಾಗಿ ಸಿ ಚಿಕ್ಕದು ಮಾಡಿದರೆ ವಿಂಡೋಸ್ ಒಂದು ಕಡೆ ಒತ್ತಾಗಿ ಕೂರುತ್ತದೆ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಕೆಲವರು ಎಸ್‌ಎಸ್‌ಡಿ ಸವೆಯಬಾರದು ಅಂತ ಪೇಜ್ ಫೈಲ್‌ಗೆ (ಮೆಮೊರಿ ಸಾಲದಾದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಫೈಲ್, ಮೇಲೆ ಹೇಳಿದ ಚಿಪ್ಪಿನ ಪೇಜ್ ಅಲ್ಲ) ಬೇರೆ ಪಾರ್ಟಿಷನ್ ಮಾಡುತ್ತಾರೆ. ಅದರಿಂದಲೂ ಪ್ರಯೋಜನವಿಲ್ಲ. ಕಂಟ್ರೋಲರ್ ಬರೆಯುವ ಕೆಲಸವನ್ನು ಎಲ್ಲಾ ಚಿಪ್‌ಗಳಿಗೂ ಸಮನಾಗಿ ಹಂಚುತ್ತದೆ. ಅದಕ್ಕೆ ನಿಮ್ಮ ಗೆರೆಗಳು ಕಾಣುವುದೇ ಇಲ್ಲ.

ಈಗ ಆ 900ರಿಂದ 100ಕ್ಕೆ ಇಳಿಯುವ ವಿಷಯ. ನಿಮಗೆ ದಿನಾ ತೊಂದರೆ ಕೊಡುತ್ತಿರುವುದು ಇದೇ, ಅಲ್ವಾ? ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಫ್ಲ್ಯಾಶ್ ಚಿಪ್ಪಿನ ಒಂದು ಕೋಶದಲ್ಲಿ ಒಂದೇ ಬಿಟ್ (0 ಅಥವಾ 1) ಇಟ್ಟರೆ ಬಹಳ ಬೇಗ ಬರೆಯಬಹುದು. ಅದನ್ನು ಎಸ್‌ಎಲ್‌ಸಿ ಅನ್ನುತ್ತಾರೆ. ಆದರೆ ಅದು ದುಬಾರಿ. ನಾವು ಕೊಳ್ಳುವ ಡ್ರೈವ್‌ಗಳಲ್ಲಿ ಒಂದು ಕೋಶಕ್ಕೆ ಮೂರು ಬಿಟ್ ಇರುತ್ತದೆ, ಅದು ಟಿಎಲ್‌ಸಿ. ಕಡಿಮೆ ಬೆಲೆಯವುಗಳಲ್ಲಿ ಬಹಳಷ್ಟು ನಾಲ್ಕು ಬಿಟ್ಟಿನ ಕ್ಯೂಎಲ್‌ಸಿ. ಬಿಟ್ ಹೆಚ್ಚಾದಷ್ಟೂ ಬರೆಯುವುದು ನಿಧಾನ. ಇದನ್ನು ಸರಿದೂಗಿಸಲು ಕಂಪನಿಗಳು ಒಂದು ಉಪಾಯ ಮಾಡಿವೆ. ಖಾಲಿ ಇರುವ ಕೋಶಗಳಲ್ಲಿ ಸದ್ಯಕ್ಕೆ ಒಂದೊಂದೇ ಬಿಟ್ ಬರೆದು ಬೇಗ ಮುಗಿಸುತ್ತವೆ. ಆಮೇಲೆ ಬಿಡುವಾದಾಗ ಅದನ್ನು ಮೂರೋ ನಾಲ್ಕೋ ಬಿಟ್ಟಿಗೆ ಒತ್ತಿ ಇಡುತ್ತವೆ. ಇದಕ್ಕೆ ಎಸ್‌ಎಲ್‌ಸಿ ಕ್ಯಾಶ್ ಅಂತ ಹೆಸರು.

ನೀವು ಫೂಟೇಜ್ ಕಾಪಿ ಹಾಕಿದಾಗ ಮೊದಲು ಕಾಣುವ 900 ಎಂಬಿ ಈ ಕ್ಯಾಶ್ ಕೆಲಸ. ಕ್ಯಾಶ್ ತುಂಬಿದ ತಕ್ಷಣ ಡ್ರೈವಿನ ನಿಜವಾದ ವೇಗ ಹೊರಗೆ ಬರುತ್ತದೆ. ಕ್ಯೂಎಲ್‌ಸಿ ಡ್ರೈವ್ ಆಗಿದ್ದರೆ ಅದು ಸೆಕೆಂಡಿಗೆ 100 ಎಂಬಿ ಆಸುಪಾಸಿಗೆ ಬರುವುದು ಆಶ್ಚರ್ಯವಲ್ಲ. ಹಾರ್ಡ್ ಡಿಸ್ಕಿಗಿಂತ ಕಡಿಮೆ! ನಿಮ್ಮ ಅಂಕಿ ನೋಡಿದರೆ ನಿಮ್ಮದು ಕ್ಯೂಎಲ್‌ಸಿಯೇ ಇರಬೇಕು ಅನ್ನಿಸುತ್ತದೆ. ಮಾಡೆಲ್ ಹೆಸರು ಹಾಕಿ ಕಂಪನಿಯ ವಿವರ ನೋಡಿದರೆ ಗೊತ್ತಾಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಈ ಕ್ಯಾಶ್ ಬಹಳ ಡ್ರೈವ್‌ಗಳಲ್ಲಿ ಖಾಲಿ ಜಾಗದಿಂದಲೇ ಹುಟ್ಟುತ್ತದೆ. ಕ್ಯೂಎಲ್‌ಸಿಯಲ್ಲಿ 400 ಜಿಬಿ ಖಾಲಿ ಇದ್ದರೆ, ಕೋಶಕ್ಕೆ ಒಂದೇ ಬಿಟ್ ಲೆಕ್ಕದಲ್ಲಿ ಹೆಚ್ಚೆಂದರೆ 100 ಜಿಬಿ ಕ್ಯಾಶ್ ಸಿಗಬಹುದು. 80 ಜಿಬಿ ಖಾಲಿ ಇದ್ದರೆ 20 ಜಿಬಿ. ಮೊದಮೊದಲು ಚೆನ್ನಾಗಿತ್ತು ಅಂದಿರಲ್ಲ, ಆಗ ಡ್ರೈವ್ ಖಾಲಿ ಇತ್ತು. ಈಗ ಸಿ ತುಂಬಿದೆ, ಡಿ ಮತ್ತು ಇಯಲ್ಲೂ ಹಳೆ ಮದುವೆಗಳು ಕೂತಿರಬೇಕು. ಇ ಕೊನೆ ಕಡೆ ಇರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದೇ ಫೂಟೇಜನ್ನು ಡಿಗೆ ಹಾಕಿ ನೋಡಿ, ಅಲ್ಲೂ ಹೀಗೆಯೇ ಆಗುತ್ತದೆ. ಆದರೆ ಒಂದರ ಹಿಂದೆ ಒಂದು ಪರೀಕ್ಷೆ ಮಾಡಬೇಡಿ. ನಡುವೆ ಒಂದರ್ಧ ಗಂಟೆ ಬಿಡಿ. ಕ್ಯಾಶ್ ಖಾಲಿ ಮಾಡಿಕೊಳ್ಳಲು ಡ್ರೈವ್‌ಗೆ ಸಮಯ ಬೇಕು.

ಖಾಲಿ ಜಾಗ ಇನ್ನೊಂದು ಕಾರಣಕ್ಕೂ ಬೇಕು. ಡ್ರೈವ್ ತುಂಬುತ್ತಾ ಬಂದಾಗ ಪೂರ್ತಿ ಖಾಲಿ ಬ್ಲಾಕ್ ಸಿಗುವುದಿಲ್ಲ. ಎಲ್ಲಾ ಬ್ಲಾಕ್‌ಗಳಲ್ಲೂ ಅರ್ಧ ಕಸ, ಅರ್ಧ ಕೆಲಸದ ಡೇಟಾ. ಆಗ ಕಂಟ್ರೋಲರ್ ಕೆಲಸದ ಡೇಟಾವನ್ನು ಬೇರೆ ಕಡೆ ಎತ್ತಿಟ್ಟು, ಬ್ಲಾಕ್ ಅಳಿಸಿ, ಆಮೇಲೆ ನಿಮ್ಮ ಫೈಲ್ ಬರೆಯಬೇಕು. ನೀವು ಬರೆಸಿದ್ದು ಒಂದು ಪಾಲು, ಒಳಗೆ ನಡೆದದ್ದು ಎರಡು ಮೂರು ಪಾಲು. ಸ್ಪೀಡೂ ಹೋಗುತ್ತದೆ, ಡ್ರೈವೂ ಜಾಸ್ತಿ ಸವೆಯುತ್ತದೆ.

ಸಮಾಧಾನದ ವಿಷಯ ಅಂದರೆ, ಈ ಖಾಲಿ ಜಾಗ ಯಾವ ಪಾರ್ಟಿಷನ್‌ನಲ್ಲಿದ್ದರೂ ಕಂಟ್ರೋಲರ್‌ಗೆ ಒಂದೇ. ಎಫ್‌ನಲ್ಲಿ 200 ಜಿಬಿ ಖಾಲಿ ಇದ್ದರೆ ಅದು ಸಿಗೆ ಬರೆಯುವಾಗಲೂ ನೆರವಾಗುತ್ತದೆ. ಆದರೆ ಒಂದು ಷರತ್ತು: ಆ ಜಾಗ ಖಾಲಿ ಅಂತ ಕಂಟ್ರೋಲರ್‌ಗೆ ಗೊತ್ತಿರಬೇಕು. ನೀವು ಫೈಲ್ ಡಿಲೀಟ್ ಮಾಡಿದರೆ ವಿಂಡೋಸ್ ತನ್ನ ಪಟ್ಟಿಯಲ್ಲಿ ಮಾತ್ರ ಹೊಡೆದುಹಾಕುತ್ತದೆ. "ಈ ಜಾಗ ಇನ್ನು ಬೇಡ" ಅಂತ ಡ್ರೈವ್‌ಗೆ ಹೇಳುವ ಆಜ್ಞೆಗೆ ಟ್ರಿಮ್ ಅನ್ನುತ್ತಾರೆ. 2009ರಲ್ಲಿ ಬಂದ ವಿಂಡೋಸ್ 7ರಿಂದ ಈಚೆಗೆ ಇದು ಇದೆ. ಎಕ್ಸ್‌ಪಿಯಲ್ಲಿ ಇರಲಿಲ್ಲ.

ನಿಮ್ಮಲ್ಲಿ ನಡೆಯುತ್ತಿದೆಯಾ ಅಂತ ಈಗಲೇ ನೋಡಬಹುದು. ಸ್ಟಾರ್ಟ್ ಒತ್ತಿ ಇಂಗ್ಲಿಷ್‌ನಲ್ಲಿ 'ಡಿಫ್ರ್ಯಾಗ್' ಅಂತ ಟೈಪ್ ಮಾಡಿ. 'ಡಿಫ್ರ್ಯಾಗ್‌ಮೆಂಟ್ ಅಂಡ್ ಆಪ್ಟಿಮೈಸ್ ಡ್ರೈವ್ಸ್' ಅನ್ನುವ ಕಿಟಕಿ ತೆರೆಯುತ್ತದೆ. ಅಲ್ಲಿ ನಿಮ್ಮ ಡ್ರೈವ್‌ಗಳ ಎದುರು 'ಸಾಲಿಡ್ ಸ್ಟೇಟ್ ಡ್ರೈವ್' ಅಂತಲೇ ಇರಬೇಕು. 'ಹಾರ್ಡ್ ಡಿಸ್ಕ್' ಅಂತ ತೋರಿಸಿದರೆ ಏನೋ ತಪ್ಪಿದೆ. ವಾರಕ್ಕೊಮ್ಮೆ ತಾನಾಗಿಯೇ ನಡೆಯುವ ಹಾಗೆ ಶೆಡ್ಯೂಲ್ ಆನ್ ಇರಲಿ. ಎಸ್‌ಎಸ್‌ಡಿಗೆ ಡಿಫ್ರ್ಯಾಗ್ ಮಾಡಬಾರದು ಅಂತ ಯಾರೋ ಹೇಳಿದರು ಅಂತ ಇದನ್ನು ಆಫ್ ಮಾಡಿಟ್ಟಿರುವ ಮಷೀನ್‌ಗಳನ್ನು ನಾನು ಬಹಳ ನೋಡಿದ್ದೇನೆ. ಎಸ್‌ಎಸ್‌ಡಿ ಎದುರು ಆ ಬಟನ್ ಮುಖ್ಯವಾಗಿ ಮಾಡುವುದು ಟ್ರಿಮ್ ಕೆಲಸವನ್ನೇ. ದಯವಿಟ್ಟು ಆನ್ ಇಡಿ.

ಇನ್ನು ಪಾರ್ಟಿಷನ್‌ನಿಂದ ನಿಮಗೆ ನಿಜವಾಗಿ ಆಗುತ್ತಿರುವ ನಷ್ಟ. ಇದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಕೆಲಸದ ದಾರಿ ಹೀಗಿರಬೇಕು ಅಂತ ಊಹಿಸುತ್ತೇನೆ: ಕಾರ್ಡಿನಿಂದ ಮದುವೆ ಫೋಟೋ ಇ ಡ್ರೈವ್‌ಗೆ ಬರುತ್ತದೆ. ಆಯ್ಕೆಯಾದ ಮೇಲೆ ಡಿಗೆ ಹೋಗುತ್ತದೆ. ಆಲ್ಬಂ ಮುಗಿದ ಮೇಲೆ ಎಫ್‌ಗೆ. ಬಹಳ ಸ್ಟುಡಿಯೋಗಳಲ್ಲಿ ಹೀಗೇ ನಡೆಯುತ್ತದೆ.

ಈಗ ಒಂದು ಪ್ರಯೋಗ ಮಾಡಿ. ಡಿ ಡ್ರೈವ್‌ನಲ್ಲೇ 80 ಜಿಬಿಯ ಒಂದು ಮದುವೆ ಫೋಲ್ಡರನ್ನು ಕಟ್ ಮಾಡಿ, ಡಿಯಲ್ಲೇ ಇನ್ನೊಂದು ಫೋಲ್ಡರ್ ಒಳಗೆ ಪೇಸ್ಟ್ ಮಾಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಯಾಕೆಂದರೆ ಅಲ್ಲಿ ಒಂದು ಫೋಟೋ ಕೂಡ ಅಲುಗಿಲ್ಲ. ಪಟ್ಟಿಯಲ್ಲಿ ವಿಳಾಸ ಬದಲಾಯಿತು, ಅಷ್ಟೆ. ಅದೇ ಫೋಲ್ಡರನ್ನು ಡಿಯಿಂದ ಎಫ್‌ಗೆ ಕಟ್ ಪೇಸ್ಟ್ ಮಾಡಿ. 80 ಜಿಬಿ ಪೂರ್ತಿ ಓದಿ, 80 ಜಿಬಿ ಪೂರ್ತಿ ಬರೆದು, ಆಮೇಲೆ ಹಳೆಯದನ್ನು ಅಳಿಸುತ್ತದೆ. ಅದೂ ಒಂದೇ ಡ್ರೈವ್‌ನಲ್ಲಿ ಓದುವುದು ಮತ್ತು ಬರೆಯುವುದು ಒಟ್ಟಿಗೆ. ಕ್ಯಾಶ್ ತುಂಬಿ 100 ಎಂಬಿಗೆ ಇಳಿದರೆ 80 ಜಿಬಿಗೆ 13 ನಿಮಿಷ ಬೇಕು. ಅಷ್ಟೆಲ್ಲ ಆದ ಮೇಲೂ ಫೋಟೋಗಳು ಇರುವುದು ಅದೇ ಚಿಪ್‌ಗಳ ಮೇಲೆ.

ಒಂದು ಮದುವೆ ಮೂರು ಪಾರ್ಟಿಷನ್ ಸುತ್ತಿದರೆ 240 ಜಿಬಿ ಬರೆದ ಹಾಗೆ. ಒಂದೇ ಪಾರ್ಟಿಷನ್ ಇದ್ದರೆ 80. ಸವೆತದ ಬಗ್ಗೆ ನಾನು ಅಷ್ಟು ಹೆದರಿಸುವುದಿಲ್ಲ, 1 ಟಿಬಿಯ ಬಹಳಷ್ಟು ಟಿಎಲ್‌ಸಿ ಡ್ರೈವ್‌ಗಳಿಗೆ 600 ಟಿಬಿ ಬರೆಯುವವರೆಗೆ ವಾರಂಟಿ ಕೊಡುತ್ತಾರೆ. ಕ್ಯೂಎಲ್‌ಸಿಗೆ ಕಡಿಮೆ. ಆದರೆ ಸೀಸನ್‌ನಲ್ಲಿ ಕಂಪ್ಯೂಟರ್ ಮುಂದೆ ಕಾಯುತ್ತಾ ಕೂರುವ ನಿಮ್ಮ ಸಮಯ?

ಸ್ಕ್ರ್ಯಾಚ್ ಡಿಸ್ಕ್ ಬಗ್ಗೆ ಕೇಳಿದಿರಿ. ಫೋಟೋಶಾಪಿಗೆ ರ್‍ಯಾಮ್ ಸಾಲದಾದಾಗ ಡಿಸ್ಕಿನಲ್ಲಿ ತಾತ್ಕಾಲಿಕವಾಗಿ ಬರೆಯುವ ಜಾಗ ಅದು. ವಿಂಡೋಸ್ ಇರುವ ಕಡೆ ಬಿಟ್ಟು ಬೇರೆ ಕಡೆ ಇಡಿ ಅನ್ನುವ ಸಲಹೆ ಸರಿ, ಆದರೆ 'ಬೇರೆ' ಅಂದರೆ ಬೇರೆ ಡಿಸ್ಕ್. ಅದೇ ಡಿಸ್ಕಿನ ಬೇರೆ ಪಾರ್ಟಿಷನ್‌ಗೆ ಹಾಕಿದರೆ ಸ್ಪೀಡ್ ಬರುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಹಾಗೆ ಮಾಡಿದರೆ ಹೆಡ್ ಅತ್ತಿಂದಿತ್ತ ಓಡಿ ಇನ್ನೂ ನಿಧಾನವಾಗುತ್ತಿತ್ತು. ಎಸ್‌ಎಸ್‌ಡಿಯಲ್ಲಿ ನಷ್ಟವೂ ಇಲ್ಲ, ಲಾಭವೂ ಇಲ್ಲ. ಆದರೂ ಈಗ ಎಫ್‌ನಲ್ಲೇ ಇರಲಿ. ಸಿಗೆ ವಾಪಸ್ ತಂದರೆ 9 ಜಿಬಿ ಒಂದು ದೊಡ್ಡ ಆಲ್ಬಂ ಶೀಟಿಗೂ ಸಾಲುವುದಿಲ್ಲ. 'ಸ್ಕ್ರ್ಯಾಚ್ ಡಿಸ್ಕ್ ಫುಲ್' ಅಂತ ಫೋಟೋಶಾಪ್ ನಿಂತುಬಿಡುತ್ತದೆ.

ಸಿ ಯಾಕೆ ತುಂಬಿತು ಅನ್ನುವುದೂ ಇದರ ಜೊತೆಗೇ ಇದೆ. ವಿಡಿಯೋ ಎಡಿಟಿಂಗ್‌ನ ಪ್ರೀಮಿಯರ್ ಸಾಫ್ಟ್‌ವೇರ್ ತನ್ನ ಮೀಡಿಯಾ ಕ್ಯಾಶ್ ಫೈಲ್‌ಗಳನ್ನು ನೀವು ಬೇರೆ ಹೇಳದಿದ್ದರೆ ಸಿಯಲ್ಲೇ ಇಡುತ್ತದೆ. ಪ್ರತಿ ಮದುವೆ ವಿಡಿಯೋಗೂ ಅದು ಬೆಳೆಯುತ್ತಾ ಹೋಗುತ್ತದೆ. ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ಕ್ಯಾಶ್ ಅಂತ ಇದೆ, ಹಳೆಯದನ್ನು ಅಲ್ಲಿಂದಲೇ ಅಳಿಸಿ, ಜಾಗವನ್ನೂ ಎಫ್‌ಗೆ ಬದಲಿಸಿ. ಡೌನ್‌ಲೋಡ್ಸ್ ಫೋಲ್ಡರ್ ನೋಡಿ. ಮಷೀನ್‌ನಲ್ಲಿ 32 ಜಿಬಿ ರ್‍ಯಾಮ್ ಇದ್ದು ಹೈಬರ್ನೇಷನ್ (ಮೆಮೊರಿಯಲ್ಲಿದ್ದುದನ್ನು ಡಿಸ್ಕಿಗೆ ಬರೆದು ಮಷೀನ್ ಆಫ್ ಮಾಡುವ ಸೌಲಭ್ಯ) ಆನ್ ಇದ್ದರೆ ಅದಕ್ಕೇ ಸುಮಾರು 13 ಜಿಬಿ ಹೋಗಿರುತ್ತದೆ. ಇವಿಷ್ಟರಲ್ಲಿ ಸದ್ಯಕ್ಕೆ ಉಸಿರಾಡುವಷ್ಟು ಜಾಗ ಸಿಗಬಹುದು.

ಪಾರ್ಟಿಷನ್ ತಪ್ಪಾದರೆ ಸ್ಪೀಡ್ ಹೋಗುವ ಇನ್ನೊಂದು ದಾರಿ ಇದೆ, ಅಲೈನ್‌ಮೆಂಟ್. ಎಕ್ಸ್‌ಪಿ ಕಾಲದಲ್ಲಿ ಮೊದಲ ಪಾರ್ಟಿಷನ್ 63ನೇ ಸೆಕ್ಟರ್‌ನಿಂದ (ಒಂದು ಸೆಕ್ಟರ್ ಅಂದರೆ 512 ಬೈಟಿನ ತುಂಡು) ಶುರುವಾಗುತ್ತಿತ್ತು. ಅಂದರೆ 32,256ನೇ ಬೈಟ್. ಅದು 4096ರಿಂದ ಸಮವಾಗಿ ಭಾಗವಾಗುವುದಿಲ್ಲ. ಆಗ ವಿಂಡೋಸ್ ಬರೆಯುವ ಪ್ರತಿ 4 ಕೆಬಿ ತುಂಡೂ ಡ್ರೈವಿನ ಲೆಕ್ಕದ ಎರಡು ತುಂಡುಗಳ ಮೇಲೆ ಅಡ್ಡ ಕೂರುತ್ತದೆ. ಒಂದು ಬರಹಕ್ಕೆ ಎರಡು ಕೆಲಸ. ವಿಸ್ಟಾದಿಂದ ಈಚೆಗೆ ವಿಂಡೋಸ್ ಸರಿಯಾಗಿ 1 ಎಂಬಿ ಬಿಟ್ಟು ಶುರು ಮಾಡುತ್ತದೆ. ಹಾಗಾಗಿ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದರೆ ಚಿಂತೆ ಬೇಡ. ಬಹಳ ಹಳೆ ಡಿಸ್ಕಿನಿಂದ ಕ್ಲೋನ್, ಅಂದರೆ ಇದ್ದ ಹಾಗೇ ನಕಲು, ಮಾಡಿಸಿದ್ದರೆ ಮಾತ್ರ ನೋಡಿ. 'ಸಿಸ್ಟಂ ಇನ್ಫರ್ಮೇಷನ್' ತೆರೆದು, ಕಾಂಪೊನೆಂಟ್ಸ್, ಸ್ಟೋರೇಜ್, ಡಿಸ್ಕ್ಸ್‌ಗೆ ಹೋದರೆ ಪ್ರತಿ ಪಾರ್ಟಿಷನ್‌ನ 'ಸ್ಟಾರ್ಟಿಂಗ್ ಆಫ್‌ಸೆಟ್' ಕಾಣುತ್ತದೆ. ಆ ಸಂಖ್ಯೆಯನ್ನು 4096ರಿಂದ ಭಾಗಿಸಿ. ಶೇಷ ಬರದಿದ್ದರೆ ಸರಿ ಇದೆ. ಮೊದಲನೆಯದು ಸಾಮಾನ್ಯವಾಗಿ 1,048,576 ಇರುತ್ತದೆ. ಫಾರ್ಮ್ಯಾಟ್ ಮಾಡುವಾಗ ಕೇಳುವ ಅಲೊಕೇಷನ್ ಸೈಜನ್ನು ಡಿಫಾಲ್ಟ್ ಬಿಟ್ಟುಬಿಡಿ.

ಹಾಗಾದರೆ ನಿಮ್ಮ ಮಷೀನ್‌ಗೆ ನಾನು ಏನು ಹೇಳುತ್ತೇನೆ?

ಒಬ್ಬ ವಿದ್ಯಾರ್ಥಿಯೋ, ಆಫೀಸ್ ಕೆಲಸದವರೋ ಕೇಳಿದ್ದರೆ ಒಂದೇ ಸಿ ಡ್ರೈವ್ ಇಟ್ಟುಕೊಳ್ಳಿ, ಬೇರೆ ಪಾರ್ಟಿಷನ್ ಬೇಡವೇ ಬೇಡ ಅನ್ನುತ್ತಿದ್ದೆ. ನಿಮ್ಮದು ದುಡಿಯುವ ಮಷೀನ್. ಸೀಸನ್ ನಡುವೆ ವಿಂಡೋಸ್ ಕೆಟ್ಟರೆ ರಾತ್ರೋರಾತ್ರಿ ಮತ್ತೆ ಹಾಕಬೇಕಾಗಬಹುದು. ಹಾಗಾಗಿ ಎರಡು ಪಾರ್ಟಿಷನ್ ಸಮಂಜಸ. ನಿಮ್ಮ 1 ಟಿಬಿಯಲ್ಲಿ ವಿಂಡೋಸ್ ಲೆಕ್ಕಕ್ಕೆ 931 ಜಿಬಿ ಬರುತ್ತದೆ. ಸಿಗೆ 300 ಜಿಬಿ ಕೊಡಿ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಡ್ರೈವ್ ಇರಬೇಕು ಅಂತ ಮೈಕ್ರೋಸಾಫ್ಟೇ ಹೇಳುತ್ತದೆ, ಅದರ ಮೇಲೆ ಅಪ್‌ಡೇಟ್‌ಗಳು, ಫೋಟೋಶಾಪ್, ಪ್ರೀಮಿಯರ್, ಅವುಗಳ ಕ್ಯಾಶ್, ಸ್ಕ್ರ್ಯಾಚ್ ಎಲ್ಲ ಸಿಯಲ್ಲೇ ಆರಾಮಾಗಿ ಕೂರಲಿ. ಡಿಗೆ 540 ಜಿಬಿ. ಅದರೊಳಗೆ 'ಬಂದದ್ದು', 'ನಡೆಯುತ್ತಿರುವುದು', 'ಮುಗಿದದ್ದು' ಅಂತ ಮೂರು ಫೋಲ್ಡರ್. ಈಗ ಇ, ಡಿ, ಎಫ್ ಮಾಡುತ್ತಿರುವ ಕೆಲಸವನ್ನು ಈ ಫೋಲ್ಡರ್‌ಗಳು ಒಂದು ಬೈಟ್ ಕಾಪಿ ಇಲ್ಲದೆ ಮಾಡುತ್ತವೆ.

ಉಳಿದ 90 ಜಿಬಿಯನ್ನು ಯಾವ ಪಾರ್ಟಿಷನ್‌ಗೂ ಸೇರಿಸದೆ 'ಅನ್‌ಅಲೊಕೇಟೆಡ್' ಅಂತ ಬಿಡಿ. ಸುಮ್ನೆ ಜಾಗ ಹಾಳು ಅನ್ನಿಸಬಹುದು. ಟ್ರಿಮ್ ಸರಿಯಾಗಿ ನಡೆಯುತ್ತಿದ್ದರೆ ಡಿ ಒಳಗೆ 90 ಜಿಬಿ ಖಾಲಿ ಇಟ್ಟರೂ ಅಷ್ಟೇ ಫಲ, ಒಪ್ಪುತ್ತೇನೆ. ಆದರೆ ಕಣ್ಣಿಗೆ ಕಾಣುವ ಖಾಲಿ ಜಾಗ ಸ್ಟುಡಿಯೋದಲ್ಲಿ ಖಾಲಿ ಉಳಿಯುವುದಿಲ್ಲ. ಮೇ ತಿಂಗಳಲ್ಲಿ ನಾಲ್ಕು ಮದುವೆ ಒಟ್ಟಿಗೆ ಬಂದಾಗ ತುಂಬಿಯೇ ತುಂಬುತ್ತದೆ. ಸ್ಯಾಮ್‌ಸಂಗ್‌ನ ಮ್ಯಾಜಿಷಿಯನ್ ಸಾಫ್ಟ್‌ವೇರ್‌ನಲ್ಲಿ 'ಓವರ್ ಪ್ರೊವಿಷನಿಂಗ್' ಅಂತ ಒಂದು ಆಯ್ಕೆ ಇದೆ. ಅದು ಮಾಡುವುದೂ ಇಷ್ಟೇ, ಒಂದಷ್ಟು ಜಾಗವನ್ನು ಪಾರ್ಟಿಷನ್‌ನಿಂದ ಹೊರಗೆ ಬಿಡುತ್ತದೆ.

ಇದಕ್ಕೆ ವಿಂಡೋಸ್ ಮತ್ತೆ ಹಾಕುವುದೇ ಸುಲಭದ ದಾರಿ. ಇರುವುದನ್ನೇ ಹಿಗ್ಗಿಸಲು ಹೋದರೆ ಏನಾಗುತ್ತದೆ ಹೇಳುತ್ತೇನೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಮೇಲೆ ರೈಟ್ ಕ್ಲಿಕ್ ಮಾಡಿ. 'ಎಕ್ಸ್‌ಟೆಂಡ್ ವಾಲ್ಯೂಮ್' ಮಂಕಾಗಿರುತ್ತದೆ, ಒತ್ತಲು ಬರುವುದಿಲ್ಲ. ಎಫ್‌ನಲ್ಲಿ ಎಷ್ಟು ಖಾಲಿ ಇದ್ದರೂ ಅದು ಲೆಕ್ಕಕ್ಕಿಲ್ಲ. ಸಿಯ ಬಲಕ್ಕೆ, ತಾಗಿಕೊಂಡೇ ಖಾಲಿ ಜಾಗ ಇದ್ದರೆ ಮಾತ್ರ ವಿಂಡೋಸ್ ಒಪ್ಪುತ್ತದೆ. ಬಹಳ ಮಷೀನ್‌ಗಳಲ್ಲಿ ಸಿಯ ಪಕ್ಕದಲ್ಲೇ ರಿಕವರಿ ಪಾರ್ಟಿಷನ್ (ವಿಂಡೋಸ್ ಕೆಟ್ಟಾಗ ರಿಪೇರಿಗೆ ಬೇಕಾಗುವ ಚಿಕ್ಕ ಭಾಗ) ಕೂತಿರುತ್ತದೆ, ಅದರ ಆಚೆ ಡಿ. ಬೇರೆ ಟೂಲ್ ಬಳಸಿ ಎಲ್ಲವನ್ನೂ ಬಲಕ್ಕೆ ಸರಿಸಬಹುದು. ಆದರೆ ಸರಿಸುವುದು ಅಂದರೆ ನೂರಾರು ಜಿಬಿ ಓದಿ ಬರೆಯುವುದು. ನನ್ನ ಹಳೆ ಲ್ಯಾಪ್‌ಟಾಪ್‌ನಲ್ಲಿ 240 ಜಿಬಿ ಎಸ್‌ಎಸ್‌ಡಿ ಇತ್ತು, ಸಿಗೆ 60 ಜಿಬಿ ಕೊಟ್ಟಿದ್ದೆ. ಅದು ತುಂಬಿದಾಗ ಒಂದು ಸಂಜೆ ಹೀಗೆ ಸರಿಸಲು ಕೂತೆ. ಅರ್ಧ ಆಗಿರುವಾಗ ಕರೆಂಟ್ ಹೋಯಿತು. ಬ್ಯಾಟರಿ ಇದ್ದುದರಿಂದ ಡೇಟಾ ಉಳಿಯಿತು. ಆ ಒಂದು ಗಂಟೆ ಬ್ಯಾಟರಿ ಪರ್ಸೆಂಟ್ ನೋಡುತ್ತಾ ಕೂತದ್ದು ಇನ್ನೂ ನೆನಪಿದೆ. ನಿಮ್ಮದು ಡೆಸ್ಕ್‌ಟಾಪ್ ಆಗಿದ್ದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಹೊಸದಾಗಿ ಹಾಕುವ ಮುಂಚೆ ಎಲ್ಲವನ್ನೂ ಎರಡು ಬೇರೆ ಬೇರೆ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫಾಂಟ್‌ಗಳನ್ನು ಮರೆಯಬೇಡಿ, ಅವು ಸಿಯಲ್ಲಿವೆ. ಸೆಟಪ್‌ನಲ್ಲಿ ಈ ಡ್ರೈವಿನ ಎಲ್ಲಾ ಪಾರ್ಟಿಷನ್ ಡಿಲೀಟ್ ಮಾಡಿ, 'ನ್ಯೂ' ಒತ್ತಿ, ಸೈಜ್ ಕೇಳಿದಾಗ 307200 ಅಂತ ಕೊಡಿ. ಅಲ್ಲಿ ಎಂಬಿ ಲೆಕ್ಕ, ಅದು 300 ಜಿಬಿ. ವಿಂಡೋಸ್ ತನಗೆ ಬೇಕಾದ ಚಿಕ್ಕ ಪಾರ್ಟಿಷನ್‌ಗಳನ್ನು ತಾನೇ ಮಾಡಿಕೊಳ್ಳುತ್ತದೆ. ಜಾಗ ಉಳಿಸಲು ಅವನ್ನು ತೆಗೆಯಬೇಡಿ, ಚಿಕ್ಕದೂ ಮಾಡಬೇಡಿ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಸೆಕ್ಯುರಿಟಿ ಅಪ್‌ಡೇಟ್ ಬಹಳ ಕಂಪ್ಯೂಟರ್‌ಗಳಲ್ಲಿ ಇನ್‌ಸ್ಟಾಲ್ ಆಗದೆ ಎರರ್ ಕೊಟ್ಟಿತು. ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಇಲ್ಲದ್ದೇ ಕಾರಣ. ಡಿಯನ್ನು ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮಾಡಿಕೊಳ್ಳಿ.

ಡಿಯಲ್ಲಿದೆ, ಹಾಗಾಗಿ ಸೇಫ್ ಅನ್ನುವ ಭಾವನೆ ಮಾತ್ರ ಬೇಡ. ಹಾರ್ಡ್ ಡಿಸ್ಕ್ ಹೋಗುವ ಮುಂಚೆ ಎಷ್ಟೋ ಸಲ ಶಬ್ದ ಮಾಡುತ್ತಿತ್ತು, ನಿಧಾನವಾಗುತ್ತಿತ್ತು. ಎಸ್‌ಎಸ್‌ಡಿಯ ಕಂಟ್ರೋಲರ್ ಹೋದರೆ ಒಂದು ಬೆಳಗ್ಗೆ ಡ್ರೈವೇ ಕಾಣುವುದಿಲ್ಲ, ಸಿ ಮತ್ತು ಡಿ ಎರಡೂ ಒಟ್ಟಿಗೆ ಹೋಗುತ್ತವೆ. ಟ್ರಿಮ್ ನಡೆದ ಮೇಲೆ ಡಿಲೀಟ್ ಆದ ಫೋಟೋವನ್ನು ರಿಕವರಿ ಸಾಫ್ಟ್‌ವೇರ್ ಹಾಕಿ ತೆಗೆಯುವುದೂ ಹೆಚ್ಚುಕಡಿಮೆ ಅಸಾಧ್ಯ. ಯಾರದೋ ಮದುವೆ ಅದು, ಇನ್ನೊಂದು ಸಲ ತೆಗೆಯಲು ಬರುವುದಿಲ್ಲ. 'ಮುಗಿದದ್ದು' ಫೋಲ್ಡರಿನಲ್ಲಿ ಇರುವುದನ್ನು ವಾರಕ್ಕೊಮ್ಮೆ ಎರಡು ಹಾರ್ಡ್ ಡಿಸ್ಕಿಗೆ ಹಾಕಿ, ಎಸ್‌ಎಸ್‌ಡಿಯಿಂದ ತೆಗೆಯಿರಿ. ಡ್ರೈವ್ ಖಾಲಿಯೂ ಉಳಿಯುತ್ತದೆ.

ನಿಮ್ಮ ಹಳೆ ಹಾರ್ಡ್ ಡಿಸ್ಕ್ ಚೆನ್ನಾಗಿದ್ದರೆ ಎರಡನೇ ಬ್ಯಾಕಪ್‌ಗೆ ಅದನ್ನೇ ಬಳಸಬಹುದು. ಇನ್ನು ಕಾಪಿ ಸ್ಪೀಡ್ ನಿಜವಾಗಿ ಹೆಚ್ಚಬೇಕು ಅಂದರೆ ಒಂದು ಚಿಕ್ಕ ಟಿಎಲ್‌ಸಿ ಎಸ್‌ಎಸ್‌ಡಿ, 500 ಜಿಬಿಯದ್ದು, ಎರಡನೆಯದಾಗಿ ಹಾಕಿಸಿ. ಬಂದ ಫೂಟೇಜ್, ಸ್ಕ್ರ್ಯಾಚ್, ಮೀಡಿಯಾ ಕ್ಯಾಶ್ ಅದರ ಮೇಲೆ ಇರಲಿ. ಅದು ಬೇರೆ ಕಂಟ್ರೋಲರ್, ಬೇರೆ ಚಿಪ್‌ಗಳು, ಅಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕೊಳ್ಳುವ ಮುಂಚೆ ಮದರ್‌ಬೋರ್ಡಿನಲ್ಲಿ ಎರಡನೇ ಎಂ.2 ಸ್ಲಾಟ್ (ಎನ್‌ವಿಎಂಇ ಡ್ರೈವ್ ಕೂರುವ ಜಾಗ) ಇದೆಯಾ ನೋಡಿ. ಮ್ಯಾನುಯಲ್ ಕೂಡ ಓದಿ. ಕೆಲವು ಬೋರ್ಡ್‌ಗಳಲ್ಲಿ ಆ ಸ್ಲಾಟಿಗೆ ಡ್ರೈವ್ ಹಾಕಿದರೆ ಹಾರ್ಡ್ ಡಿಸ್ಕಿನ ಕೇಬಲ್ ಹಾಕುವ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ನಿಮ್ಮ ಹಳೆ ಹಾರ್ಡ್ ಡಿಸ್ಕ್ ಅದೇ ಪೋರ್ಟಿನಲ್ಲಿದ್ದರೆ ಕೇಬಲ್ ಬದಲಿಸಿ ಬಂದ್ ಆಗದ ಬೇರೆ ಪೋರ್ಟಿಗೆ ಹಾಕಿಕೊಳ್ಳಿ.